24 ಪುಸ್ತಕದ ಗುರಿ ಮುಟ್ಟಿದ್ದು ಹೀಗೆ

ವರ್ಷಕ್ಕೆ 24 ಪುಸ್ತಕ ಓದಬೇಕೆಂದು ಜನವರಿಯಲ್ಲಿ ಹಠ ತೊಟ್ಟಿದ್ದೆ. ಜೂನ್ ಮುಗಿದಾಗ ಆಗಿದ್ದು ಏಳೇ. ತುಂಬಾ ಬೇಜಾರಾಯಿತು.

ತೊಂದರೆ ಸಮಯದ್ದಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಿಂದ ದಾದರಿಗೆ, ಎಲ್ಲ ಸ್ಟೇಷನ್ನಲ್ಲೂ ನಿಲ್ಲುವ ರೈಲಾದ ಸ್ಲೋ ಲೋಕಲ್‌ನಲ್ಲಿ ಸುಮಾರು ಒಂದು ಗಂಟೆ ಸಿಗುತ್ತದೆ. ಆದರೆ ಬೆಳಗಿನ ಗರ್ದಿಯಲ್ಲಿ ನಿಂತುಕೊಂಡು 600 ಪುಟದ ಕಾದಂಬರಿ ಹಿಡಿಯುವುದು ಹೇಗೆ? ಒಂದು ಕೈ ಮೇಲಿನ ಹಿಡಿಕೆಗೆ ಬೇಕಲ್ವಾ! ದಪ್ಪ ಪುಸ್ತಕವನ್ನು ರಾತ್ರಿಗೆಂದು ಮನೆಯಲ್ಲೇ ಇಟ್ಟೆ. ಬ್ಯಾಗಿಗೆ ತೆಳ್ಳಗಿನ ಕಥಾಸಂಕಲನ ಹಾಕಿಕೊಂಡೆ. ಥಾಣೆ ಬರುವಷ್ಟರಲ್ಲಿ ಒಂದು ಕಥೆ ಮುಗಿಯುತ್ತದೆ. ಆಮೇಲೆ ಸೀಟು ಸಿಕ್ಕರೆ ಇನ್ನೊಂದು.

ಪುಸ್ತಕ ಎಣಿಸುವುದನ್ನೂ ಬಿಟ್ಟು ಪುಟ ಎಣಿಸಿದೆ. ಉಳಿದದ್ದು 17 ಪುಸ್ತಕ. ಒಂದಕ್ಕೆ 150 ಪುಟ ಎಂದರೂ ದಿನಕ್ಕೆ 14 ಪುಟ ಸಾಕು. ತಪ್ಪಿದ್ದನ್ನು ಭಾನುವಾರ ತುಂಬಿಸುತ್ತಿದ್ದೆ. ಮಳೆಗೆ ರೈಲು ನಿಂತ ಒಂದು ಸಂಜೆ 40 ಪುಟ ಓದಿದೆ!

ಡಿಸೆಂಬರ್ 28ಕ್ಕೆ 24ನೆಯದು ಮುಗಿಯಿತು. ಆ ರಾತ್ರಿಯೇ ಊರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ.