ಶಿಪ್–ಶೀಪ್, ಪೆನ್–ಪ್ಯಾನ್: ದೀರ್ಘ ಎಳೆದರೆ ಸಾಲದು

ಬಿಡು, ಬೀಡು ಎಂದು ಹೇಳಿನೋಡಿ. ಎರಡರಲ್ಲೂ ನಾಲಿಗೆ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ, ಎಳೆಯುವ ಹೊತ್ತು ಮಾತ್ರ ಬೇರೆ. ಇದೇ ಲೆಕ್ಕವನ್ನು ಇಂಗ್ಲಿಷಿಗೂ ಹಚ್ಚಿದಾಗ ನಮ್ಮ ಕಿವಿ ಎಡವುತ್ತದೆ. ಬ್ರಿಟಿಷ್ ಉಚ್ಚಾರಣೆಯಲ್ಲಿ ಬೀಡ್ (ಮಣಿ), ಬೀಟ್ (ಹೊಡೆ) ಎರಡಕ್ಕೂ ಒಂದೇ ಸ್ವರ. ಆದರೆ ಮುಂದೆ ಟ್, ಪ್, ಕ್, ಸ್ ಬಂದರೆ ಸ್ವರ ಮೊಟಕಾಗುತ್ತದೆ. ಹಾಗಾಗಿ ಬೀಟ್‌ನ 'ಈ', ಬಿಡ್ (ಹರಾಜಿನ ಕೂಗು) ಎಂಬುದರ 'ಇ'ಯಷ್ಟೇ ಉದ್ದ ಎನ್ನಬಹುದು. ಉದ್ದ ಅಳೆದು ತೀರ್ಮಾನಿಸಿದರೆ ತಪ್ಪುತ್ತದೆ.

ಗಮನಿಸಬೇಕಾದ್ದು ನಾಲಿಗೆಯನ್ನು. ಶೀಪ್ ಎನ್ನುವಾಗ ತುಟಿ ಅಗಲವಾಗಿ, ನಾಲಿಗೆಯ ಮುಂಭಾಗ ಅಂಗುಳಿನ ಹತ್ತಿರಕ್ಕೆ ಏರಿ, ಬಿಗಿಯಾಗಿರುತ್ತದೆ. ಶಿಪ್‌ಗೆ ತುಟಿ ಸಡಿಲ ಬಿಡಿ. ನಾಲಿಗೆಯನ್ನು ತುಸು ಕೆಳಕ್ಕೆ, ತುಸು ಹಿಂದಕ್ಕೆ, 'ಎ' ಕಡೆಗೆ ಜಾರಿಸಿ. ಸರಿಯಾಯಿತೇ ಎಂದು ತಿಳಿಯಲು ಶಿಪ್‌ನ ಸ್ವರವನ್ನೇ 3 ಸೆಕೆಂಡು ಎಳೆಯಿರಿ. ಅದು ಶೀಪ್ ಆಗಿಬಿಟ್ಟರೆ ನೀವಿನ್ನೂ ಉದ್ದವನ್ನೇ ನಂಬಿದ್ದೀರಿ. ಎಷ್ಟು ಎಳೆದರೂ ಹಡಗು ಕುರಿಯಾಗಬಾರದು.

ಪೆನ್–ಪ್ಯಾನ್ ಜೋಡಿಯಲ್ಲಿ ದಾರಿ ತಪ್ಪಿಸುವುದು ನಮ್ಮ ಬರವಣಿಗೆ. ಬಾಣಲೆಯ ಪ್ಯಾನ್‌ನಲ್ಲಿ 'ಯ' ಇಲ್ಲವೇ ಇಲ್ಲ. ಆ ಸ್ವರಕ್ಕೆ ಬೇರೆ ಅಕ್ಷರವಿಲ್ಲದೆ ಯ-ಒತ್ತು ಹಾಕುತ್ತೇವೆ. ಸ್ವರವೇನೂ ಹೊಸದಲ್ಲ: ಆಡುಮಾತಿನ ಬ್ಯಾಡ, ಪ್ಯಾಟೆಗಳಲ್ಲಿ ಇರುವುದು ಬಹುಪಾಲು ಅದೇ. (ಹಳ್ಳಿ ಮಾತು ಎಂದು ತಿದ್ದಿ ಬಿಡಿಸಿದ್ದನ್ನೇ ಇಂಗ್ಲಿಷ್ ಪಾಠದಲ್ಲಿ ಮತ್ತೆ ಕಲಿಸಬೇಕು!) ಗದ್ದದ ಮೇಲೆ ಬೆರಳಿಟ್ಟು ಪೆನ್ ಎನ್ನಿ, ಬಳಿಕ ಪ್ಯಾನ್ ಎನ್ನಿ. ಎರಡನೆಯದಕ್ಕೆ ಗದ್ದ ಇಳಿದದ್ದು ಬೆರಳಿಗೆ ತಿಳಿಯಬೇಕು. ಅದಕ್ಕೂ ಮೊದಲು ನಾಲಿಗೆ ಅಂಗುಳಿನತ್ತ ಜಿಗಿದರೆ 'ಯ' ನುಸುಳಿತೆಂದೇ ಅರ್ಥ. ಆಗ ಬರೀ 'ಎ' ಎಳೆಯುತ್ತಾ ದವಡೆ ಇಳಿಸಿ. ಸಿಕ್ಕ ಸ್ವರಕ್ಕೆ ಆಮೇಲೆ 'ಪ್' ಸೇರಿಸಿ.

ಮಂಚದ ಕಾಟ್, 'ಹಿಡಿದ' ಎಂಬರ್ಥದ ಕಾಟ್ ನಮ್ಮ ಬರಹದಲ್ಲಿ ಒಂದೇ. ಅಮೆರಿಕದ ಹಲವರ ಬಾಯಲ್ಲೂ ಒಂದೇ, ಹಾಗಾಗಿ ಅದರ ಚಿಂತೆ ಕೊನೆಗಿರಲಿ.

ಕಿವಿಯ ಪರೀಕ್ಷೆಗೆ ಇನ್ನೊಬ್ಬರ ನೆರವು ಬೇಕು. ಧ್ವನಿಯಿರುವ ಆನ್‌ಲೈನ್ ನಿಘಂಟು ತೆರೆದು ಅವರು ಶಿಪ್, ಶೀಪ್‌ಗಳನ್ನು ಮನಬಂದಂತೆ 20 ಸಲ ಕೇಳಿಸಲಿ. ನೀವು ಪರದೆ ನೋಡದೆ ಬರೆದುಕೊಳ್ಳಿ. 10–12 ಸರಿಯಾದರೆ ಅದು ಬರೀ ಊಹೆ. 18 ದಾಟಿದ ಮೇಲೆ ಮುಂದಿನ ಜೋಡಿಗೆ ಹೋಗಿ. ವಾಕ್ಯ ಕೇಳಿಸಬೇಡಿ, ಹುಲ್ಲು ಮೇಯುವುದು ಯಾವುದೆಂದು ಕಿವಿಗಿಂತ ಮೊದಲೇ ತಲೆ ಹೇಳಿಬಿಡುತ್ತದೆ.