ಕಾಲಂ ತುಂಬುವ ಮುನ್ನ ನಮಗೊಂದು ಫೋನ್ ಮಾಡಿ

ಉತ್ತರ ಕರ್ನಾಟಕದ ಒಂದು ಮಹಾನಗರ ಪಾಲಿಕೆಯ ನಗರ ಯೋಜನಾ ಶಾಖೆಯಲ್ಲಿ ನಾನು ಸಹಾಯಕ ಎಂಜಿನಿಯರ್. 2024ರ ಕೊನೆಯವರೆಗೆ ನಮ್ಮಲ್ಲಿ ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ, ಬಳಸಬಹುದು ಎಂದು ಪಾಲಿಕೆ ಕೊಡುವ ಓಸಿ) ಕೇಳಿಕೊಂಡು ಬರುತ್ತಿದ್ದವರು ಅಪಾರ್ಟ್‌ಮೆಂಟ್ ಕಟ್ಟಿದವರು, ಆಸ್ಪತ್ರೆ ಅಥವಾ ಶಾಲೆ ನಡೆಸುವವರು, ಅಷ್ಟೇ. ಮನೆ ಕಟ್ಟುವವರು ಪರವಾನಗಿ ಪಡೆದು ಹೋದರೆಂದರೆ ಮತ್ತೆ ಮುಖ ತೋರಿಸುತ್ತಿದ್ದುದು ಖಾತೆಯ ಕೆಲಸ ಬಿದ್ದಾಗ.

ಆ ವರ್ಷ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮೀರತ್‌ನ ಶಾಸ್ತ್ರಿನಗರದಲ್ಲಿ ವಸತಿ ನಿವೇಶನದ ಮೇಲೆ ಅಂಗಡಿಗಳನ್ನು ಕಟ್ಟಿದ್ದ ಪ್ರಕರಣ ಅದು, ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಆರ್. ಮಹದೇವನ್ ಅವರ ಪೀಠ. ಆದರೆ ನಿರ್ದೇಶನಗಳು ಇಡೀ ದೇಶಕ್ಕೆ ಅನ್ವಯವಾದವು. ಪೂರ್ಣತಾ ಅಥವಾ ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು. ಬ್ಯಾಂಕುಗಳು ಆ ಪತ್ರ ನೋಡಿಯೇ ಸಾಲ ಕೊಡಬೇಕು. ಮಂಜೂರಾದ ನಕ್ಷೆಯನ್ನು ಕೆಲಸ ಮುಗಿಯುವವರೆಗೂ ಸ್ಥಳದಲ್ಲಿ ತೂಗುಹಾಕಿರಬೇಕು. ಅಧಿಕಾರಿಗಳು ನಿಯತವಾಗಿ ತಪಾಸಣೆ ಮಾಡಿ ಅದನ್ನು ದಾಖಲಿಸಬೇಕು. ತಪ್ಪಾಗಿ ಪತ್ರ ಕೊಟ್ಟ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಆಗಬೇಕು. ಸುದ್ದಿಯಲ್ಲಿ ಬಂದದ್ದು ವಿದ್ಯುತ್ ಸಂಪರ್ಕದ ವಿಷಯ. ನಮ್ಮ ಕಚೇರಿಯಲ್ಲಿ ಎಲ್ಲರೂ ಎರಡೆರಡು ಸಲ ಓದಿಕೊಂಡದ್ದು ಕೊನೆಯ ಸಾಲನ್ನು.

ಮೀಟರ್ ಸಿಗದೆ ಜನ ಕೌಂಟರ್ ಮುಂದೆ ಸೇರತೊಡಗಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬಣ್ಣ ಬಳಿದು ಗೃಹಪ್ರವೇಶಕ್ಕೆ ತೋರಣ ಕಟ್ಟಿದ ಮನೆಗೆ ಹೋಗಿ ನಾನು ಅಳೆಯಬಹುದಾದದ್ದು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಎತ್ತರ, ಮಹಡಿಗಳ ಸಂಖ್ಯೆ, ಮಳೆನೀರು ಸಂಗ್ರಹದ ಗುಂಡಿ. ಜೀವ ಉಳಿಸುವ ಭಾಗವೆಲ್ಲ ಕಾಂಕ್ರೀಟಿನ ಒಳಗೆ ಮುಚ್ಚಿಹೋಗಿರುತ್ತದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. ಈ ಭಾಗದಲ್ಲಿ ಕಟ್ಟಡ ಪರವಾನಗಿಗೆ ಸಹಿ ಹಾಕುವ ಯಾರಿಗೂ ಅದು ಮರೆಯುವಂಥದ್ದಲ್ಲ. ತೀರ್ಪು ಹೇಳಿದ ‘ನಿಯತ ತಪಾಸಣೆ’ಗೆ ಅರ್ಥ ಬರಬೇಕಾದರೆ ನಾವು ಹೋಗಬೇಕಾದದ್ದು ಪ್ಲಿಂತ್ ಹಂತದಲ್ಲಿ, ಅಂದರೆ ಅಡಿಪಾಯ ನೆಲಮಟ್ಟಕ್ಕೆ ಬಂದಾಗ, ಮತ್ತು ಕಾಲಮಿಗೆ, ಅಂದರೆ ಕಟ್ಟಡ ಹೊರುವ ಕಂಬಕ್ಕೆ, ಕಾಂಕ್ರೀಟ್ ತುಂಬುವ ಹಿಂದಿನ ದಿನ.

ಹಾಗಾಗಿ ಮೇಲಧಿಕಾರಿಗಳ ಒಪ್ಪಿಗೆ ಪಡೆದು ಪರವಾನಗಿ ಪತ್ರದ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದೆ: ನೆಲಮಹಡಿಯ ಕಾಲಂ ಕಾಂಕ್ರೀಟಿಗೆ ಮುಂಚೆ ಶಾಖೆಗೆ ತಿಳಿಸತಕ್ಕದ್ದು. ಕೆಳಗೆ ಫೋನ್ ನಂಬರು. ಷರತ್ತುಗಳನ್ನು ಯಾರೂ ಓದುವುದಿಲ್ಲ ಎಂಬುದು ಗೊತ್ತಿದ್ದರಿಂದ ವಿಷಯ ನಿರ್ವಾಹಕರು ಪತ್ರ ಕೊಡುವಾಗ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಬಾಯಲ್ಲೂ ಹೇಳುವಂತೆ ಮಾಡಿದೆ.

ಹೋದಾಗ ನೋಡಬೇಕಾದದ್ದೇನು? ಇದಕ್ಕೆ ನಾನೇ ಮೊದಲು ಓದಬೇಕಾಯಿತು. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಎರಡು ದಪ್ಪ ಸಂಪುಟ. ಒಂದು ಕಾಲದಲ್ಲಿ ಹಣ ತೆತ್ತು ಕೊಳ್ಳಬೇಕಿತ್ತು. ಈಗ ಭಾರತೀಯ ಮಾನಕ ಬ್ಯೂರೋದ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಭಾರತೀಯ ಮಾನಕಗಳು ಉಚಿತವಾಗಿ ಸಿಗುತ್ತವೆ. ಇದು ಗೊತ್ತಿಲ್ಲದೆ ಹಳೆಯ ಜೆರಾಕ್ಸ್ ಪ್ರತಿ ಇಟ್ಟುಕೊಂಡು ಕೆಲಸ ಮಾಡುವ ಎಂಜಿನಿಯರ್‌ಗಳು ಈಗಲೂ ಇದ್ದಾರೆ. ಸಂಹಿತೆಯೇ ನೇರವಾಗಿ ಕಾನೂನಲ್ಲ, ಸ್ಥಳೀಯ ಉಪವಿಧಿ ಅಳವಡಿಸಿಕೊಂಡಷ್ಟೇ ಅದಕ್ಕೆ ಬಲ. ಆದ್ದರಿಂದ ಹಿಂಬರಹ ಕೊಡುವಾಗ ನಾನು ಉಪವಿಧಿಯ ಸಂಖ್ಯೆ ಬರೆಯುತ್ತೇನೆಯೇ ಹೊರತು ಸಂಹಿತೆಯ ಪುಟಸಂಖ್ಯೆಯನ್ನಲ್ಲ. ಇಲ್ಲವಾದರೆ ವಕೀಲರು ಮೊದಲ ದಿನವೇ ಅದನ್ನು ಹಿಡಿಯುತ್ತಾರೆ.

ನಿತ್ಯದ ಬಳಕೆಗೆ ಬಂದದ್ದು ಎರಡು ಸಣ್ಣ ಮಾನಕಗಳು. ಭೂಕಂಪ ತಾಳುವ ವಿನ್ಯಾಸದ ಮಾನಕ ಐಎಸ್ 1893ರ 2016ರ ಆವೃತ್ತಿಯ ಅನುಬಂಧದಲ್ಲಿ ಬೆಂಗಳೂರು, ಮೈಸೂರು ಎರಡನೇ ಭೂಕಂಪ ವಲಯದಲ್ಲಿದ್ದರೆ (ಸಂಖ್ಯೆ ಏರಿದಂತೆ ಅಪಾಯ ಹೆಚ್ಚು) ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ, ಮಂಗಳೂರು ಮೂರನೆಯದರಲ್ಲಿವೆ. ‘ನಮ್ಮ ಕಡೆ ಭೂಕಂಪ ಎಲ್ಲಿ ಬರುತ್ತದೆ’ ಎನ್ನುವವರಿಗೆ ಈ ಪುಟದ ಪ್ರತಿಯನ್ನೇ ತೋರಿಸುತ್ತೇನೆ. ಮೂರನೇ ವಲಯ ಎಂದಮೇಲೆ, ಭೂಕಂಪ ತಾಳಲು ಕಾಂಕ್ರೀಟಿನೊಳಗಿನ ಸರಳು, ರಿಂಗುಗಳು ಹೇಗಿರಬೇಕೆಂದು ಹೇಳುವ ಐಎಸ್ 13920 ಅನ್ವಯಿಸುತ್ತದೆ. ಅದರ 1993ರ ಆವೃತ್ತಿ ಸಾಮಾನ್ಯ ಮನೆಗಳಿಗೆ ಕಾಲಮಿನ ಕನಿಷ್ಠ ಅಗಲ 200 ಮಿಲಿಮೀಟರ್ ಎಂದಿತ್ತು. 2016ರಲ್ಲಿ ಅದು 300 ಆಯಿತು. ಇಲ್ಲೇ ಜಗಳ. ನಮ್ಮಲ್ಲಿ ಗೋಡೆ ಒಂಬತ್ತು ಇಂಚು, ಅಂದರೆ 230 ಮಿಲಿಮೀಟರ್. ಕಾಲಮ್ಮೂ ಗೋಡೆಯೊಳಗೆ ಅಡಗಿ ಕೂರಬೇಕು ಎಂಬುದು ಎಲ್ಲರ ಆಸೆ.

‘ಸಾಹೇಬರೇ, ಮೂರು ಇಂಚು ಕೋಣೆಯೊಳಗೆ ಚಾಚಿದರೆ ಬೀರು ಎಲ್ಲಿಡುವುದು?’ ಎಂದು ಯಜಮಾನರೊಬ್ಬರು ಕೇಳಿದರು. ಕಾಲಂ ಹೊರಗೋಡೆಯ ಆಚೆಗೂ ಚಾಚಬಹುದು, ಬೀರು ಇಡುವ ಮೂಲೆ ಬಿಟ್ಟು ಬೇರೆಡೆಗೂ ಸರಿಸಬಹುದು. ಆದರೆ ಅದು ನಕ್ಷೆಯ ಹಂತದಲ್ಲಿ ಆಗಬೇಕಾದ ಮಾತು. ಹಾಗಾಗಿ ಈಗ ಕಡತ ಬಂದ ದಿನವೇ ಕಾಲಂ ಅಳತೆಯ ಪಟ್ಟಿ ನೋಡಿ ವಿನ್ಯಾಸ ಮಾಡಿದ ಎಂಜಿನಿಯರ್‌ಗೆ ಫೋನ್ ಮಾಡುತ್ತೇನೆ. ಲೆಕ್ಕಾಚಾರದ ಹೊಣೆ ಅವರದು, ಅದನ್ನು ನಾನು ಹೊತ್ತುಕೊಳ್ಳುವುದಿಲ್ಲ.

ಸ್ಥಳದಲ್ಲಿ ನನ್ನ ಕೈಯಲ್ಲಿರುವುದು ಟೇಪು, ಮೊಬೈಲು, ಮತ್ತು ಸರಿಯಾಗಿ ಬಾಗಿಸಿದ ಒಂದು ರಿಂಗು. ಸರಳುಗಳನ್ನು ಸುತ್ತುವ ಎಂಟು ಮಿಲಿಮೀಟರಿನ ರಿಂಗಿನ ತುದಿಯನ್ನು ನಮ್ಮ ಬಾರ್ ಬೆಂಡರ್‌ಗಳು ಲಂಬಕೋನಕ್ಕೆ ಮಡಚಿ ಬಿಡುತ್ತಾರೆ. ಬೇಕಾದದ್ದು 135 ಡಿಗ್ರಿ, ತುದಿ ಕಾಲಮಿನ ಹೊಟ್ಟೆಯೊಳಕ್ಕೆ ತಿರುಗಿರಬೇಕು, ಬಾಗಿದ ನಂತರ ಕನಿಷ್ಠ 65 ಮಿಲಿಮೀಟರ್ ಉಳಿದಿರಬೇಕು. ಲಂಬಕೋನದ ರಿಂಗು ನೆಲ ಅಲುಗಿದಾಗ ಹೊರಮೈಯ ಕಾಂಕ್ರೀಟ್ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಉದ್ದ ಸರಳುಗಳನ್ನು ಹಿಡಿಯುವವರು ಯಾರೂ ಇಲ್ಲ. ಕಾಲಮಿನ ಮೇಲ್ತುದಿ, ಕೆಳತುದಿಗಳಲ್ಲಿ ರಿಂಗುಗಳ ನಡುವಿನ ಅಂತರ ಹೆಚ್ಚೆಂದರೆ 100 ಮಿಲಿಮೀಟರ್. ಒಂದು ಸರಳಿಗೆ ಇನ್ನೊಂದನ್ನು ಸೇರಿಸುವ ಜೋಡಣೆ ಕಾಲಮಿನ ನಡುಭಾಗದಲ್ಲಿ ಬರಬೇಕು, ಸ್ಲ್ಯಾಬಿನ ಮೇಲೆಯೇ ಅಲ್ಲ.

ಇದನ್ನು ಗೌಂಡಿಗಳಿಗೆ, ಬಾರ್ ಬೆಂಡರ್‌ಗಳಿಗೆ ಹೇಳಲು ಭಾಷಣ ಉಪಯೋಗಕ್ಕೆ ಬರಲಿಲ್ಲ. ಐಐಟಿ ಕಾನ್ಪುರ ಉಚಿತವಾಗಿ ಒದಗಿಸಿರುವ ಭೂಕಂಪ ಮಾಹಿತಿ ಹಾಳೆಗಳ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ವಾರ್ಡ್ ಕಚೇರಿಯಲ್ಲಿ ಅಂಟಿಸಿದೆವು, ಎರಡು ಬಗೆಯ ರಿಂಗುಗಳನ್ನು ಕೈಗೆ ಕೊಟ್ಟೆವು. ಒಬ್ಬ ಹಿರಿಯ ಬಾರ್ ಬೆಂಡರ್ ಎರಡನ್ನೂ ಎಳೆದು ನೋಡಿ, ‘ಬಾಗಿಸುವುದೇನೂ ಕಷ್ಟವಲ್ಲ ಸಾಹೇಬರೇ, ಕಾಲಮಿನೊಳಗೆ ಇಳಿಸಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನ ಕೂಲಿ ಯಾರು ಕೊಡುತ್ತಾರೆ?’ ಎಂದರು. ಮಾತು ನ್ಯಾಯವಾದದ್ದೇ. ಟನ್ನಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ರಿಂಗಿನ ಕೊಕ್ಕೆಯಿಂದ ಬರುವುದು ನಷ್ಟ. ಅಂದಿನಿಂದ ಆ ಕೆಲಸದ ದರವನ್ನು ಕರಾರಿನಲ್ಲೇ ಬೇರೆಯಾಗಿ ಬರೆಯಿಸಿಕೊಳ್ಳಿ ಎಂದು ಮನೆ ಕಟ್ಟಿಸುವವರಿಗೂ ಹೇಳುತ್ತಿದ್ದೇನೆ. ಕೇಳಿದವರು ಕೆಲವರು.

ನಕ್ಷೆಯ ಫಲಕದಿಂದ ಇಷ್ಟು ಅನುಕೂಲವಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಮೊದಲು ನೆರೆಯವರ ದೂರು ‘ಅವರು ಹೇಗೆ ಬೇಕೋ ಹಾಗೆ ಕಟ್ಟುತ್ತಿದ್ದಾರೆ’ ಎಂದಿರುತ್ತಿತ್ತು, ಅರ್ಧಕ್ಕರ್ಧ ಹಳೆಯ ದ್ವೇಷ. ಈಗ ‘ಫಲಕದಲ್ಲಿ ಒಂದು ಮೀಟರ್ ಎಂದಿದೆ, ಬಿಟ್ಟಿರುವುದು ಎರಡು ಅಡಿ’ ಎಂದು ಅಳತೆಯ ಸಮೇತ ಬರುತ್ತದೆ. ಅಂಥ ದೂರಿಗೆ ಪ್ಲಿಂತ್ ಹಂತದಲ್ಲೇ ಹೋಗಿ ಮಹಜರು ಬರೆದರೆ ನಾಲ್ಕು ಸಾಲು ಕಲ್ಲು ಕೀಳುವುದರಲ್ಲಿ ಮುಗಿಯುತ್ತದೆ. 1976ರ ಪಾಲಿಕೆ ಕಾಯ್ದೆಯ 321ನೇ ಕಲಮಿನ ನೋಟಿಸು, ಮೇಲ್ಮನವಿ ಎಂದು ವರ್ಷಗಟ್ಟಲೆ ಎಳೆಯುವುದಿಲ್ಲ.

ಬೆಂಗಳೂರಿನಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಚಿಕ್ಕ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ಸರ್ಕಾರ 2025ರಲ್ಲಿ ವಿನಾಯಿತಿ ಕೊಟ್ಟಿತು. ಕತ್ತಲಲ್ಲಿ ಕೂತ ಕುಟುಂಬಗಳನ್ನು ಕಣ್ಣಾರೆ ಕಂಡವನಾಗಿ ಆ ಕರುಣೆ ನನಗೆ ಅರ್ಥವಾಗುತ್ತದೆ. ಆದರೆ ಪತ್ರ ಬೇಡವೆಂದ ಮಾತ್ರಕ್ಕೆ ಕಾಲಂ ನೋಡುವುದೂ ಬೇಡ ಎಂದು ಯಾರೂ ತಿಳಿಯಬಾರದು. ಮೂವತ್ತು ನಲವತ್ತರ ನಿವೇಶನದಲ್ಲಿ ಕೆಳಗೆ ಪೂರ್ತಿ ಪಾರ್ಕಿಂಗ್ ಬಿಟ್ಟು ಮೇಲೆ ಮೂರು ಮಹಡಿ ಏರಿಸುವುದು ಈಗ ನಮ್ಮೂರಿನಲ್ಲೂ ರೂಢಿ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಬಿದ್ದ ಕಟ್ಟಡಗಳಲ್ಲಿ ಹೀಗೆ ಕೆಳಮಹಡಿ ಬಯಲಾಗಿದ್ದವು ಬಹಳ. ಅಂಥ ಕಡತ ಬಂದರೆ ಕೆಳಮಹಡಿಯಲ್ಲಿ ಕಾಂಕ್ರೀಟ್ ಗೋಡೆ ಎಲ್ಲಿ ಬರುತ್ತದೆ ಎಂದು ವಿನ್ಯಾಸಕಾರರಿಂದ ಲಿಖಿತವಾಗಿ ಕೇಳುತ್ತೇನೆ. ಉತ್ತರ ಬರುವವರೆಗೆ ಕಡತ ನನ್ನ ಮೇಜಿನ ಮೇಲೆಯೇ ಇರುತ್ತದೆ.