ಸಿಟ್ಟು ಬಂದಾಗ ಮೊದಲು ದೇವರ ಹತ್ತಿರ ಹೇಳಿ

ಸಿಟ್ಟು ಬರುವುದೇ ಪಾಪ ಎಂದುಕೊಂಡವರು ಅದನ್ನು ನುಂಗುತ್ತಾರೆ. ನುಂಗಿದ್ದು ಎರಡು ದಿನ ಬಿಟ್ಟು ಏನೂ ಅರಿಯದ ಮಗುವಿನ ಮೇಲೆ ಹಾಯುತ್ತದೆ. ಯಾವ ಕೆಲಸವನ್ನೂ ಮಾಡಬಾರದೆಂಬ ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಕೈಬತ್ತಿದವನು ವಾಸಿಯಾಗುವುದನ್ನೂ ಸಹಿಸದವರನ್ನು ಯೇಸು ಕೋಪದಿಂದಲೇ ನೋಡಿದರು (ಬೈಬಲ್, ಮಾರ್ಕ 3:5). ಆದರೆ ಮರುಕ್ಷಣ ಮಾಡಿದ್ದು ಆ ಕೈಯನ್ನು ಗುಣಪಡಿಸುವ ಕೆಲಸ.

ದವಡೆ ಬಿಗಿಯಿತೇ, ದನಿ ಏರಿತೇ? ಮಾತು ನಿಲ್ಲಿಸಿ. "ಇಪ್ಪತ್ತು ನಿಮಿಷ ಬಿಟ್ಟು ಮಾತಾಡೋಣ" ಎಂದು ಹೇಳಿಯೇ ಎದ್ದುಹೋಗಿ; ಹೇಳದೆ ಹೋದರೆ ಅದೂ ಒಂದು ಏಟೇ. ಉಸಿರೆಳೆಯುವಾಗ "ಕರ್ತನೇ", ಬಿಡುವಾಗ "ಕರುಣಿಸು" ಎನ್ನಿ. ಬಿಡುವ ಉಸಿರು ಉದ್ದವಾಗಿರಲಿ. ಹೀಗೆ ಹತ್ತು ಸಲ.

ಆಮೇಲೆ ದೇವರ ಮುಂದೆ ದೂರು ಹೇಳಿ, ಇದ್ದದ್ದು ಇದ್ದ ಹಾಗೆ. 13ನೇ ಕೀರ್ತನೆ ಶುರುವಾಗುವುದೇ "ಎಷ್ಟು ಕಾಲ?" ಎಂಬ ಗೋಳಿನಿಂದ. "ಸ್ವಾಮೀ, ಎಲ್ಲರೆದುರು ನನ್ನನ್ನು ಸುಳ್ಳುಗಾರ ಅಂದ, ಹೊಟ್ಟೆ ಉರಿಯುತ್ತಿದೆ" ಎಂದರೆ ಅದು ಪ್ರಾರ್ಥನೆಯೇ. ಬಹಳ ಮಂದಿ ಎಡವುವುದು ಇಲ್ಲಿ: "ಅವನಿಗೆ ಬುದ್ಧಿ ಕೊಡು" ಎಂದಷ್ಟೇ ಬೇಡಿ ಏಳುತ್ತಾರೆ. ಅದು ದೇವರ ಹೆಸರಲ್ಲಿ ಬೈದಂತೆ. ಶತ್ರುಗಳ ಊರನ್ನು ದೇವರು ಉಳಿಸಿದರೆಂದು ಸಿಟ್ಟಾದ ಪ್ರವಾದಿ ಯೋನನಿಗೆ ದೇವರು ಕೇಳಿದ ಪ್ರಶ್ನೆಯನ್ನು ನೀವೂ ಕೇಳಿಸಿಕೊಳ್ಳಿ: ನೀನು ಸಿಟ್ಟಾಗುವುದು ಸರಿಯೋ? (ಯೋನ 4:4). ಹುಡುಕಿದರೆ ಸಿಟ್ಟಿನ ಬೇರಿನಲ್ಲಿ ಅವಮಾನವಿರಬಹುದು, ಭಯವಿರಬಹುದು, ಬರೀ ನಿದ್ದೆಗೇಡೂ ಇರಬಹುದು.

ಈಗ ಆ ವ್ಯಕ್ತಿಯ ಬಳಿಗೆ ಹೋಗಿ, ಒಬ್ಬರೇ (ಮತ್ತಾಯ 18:15). ವಾಟ್ಸ್ಆ್ಯಪ್ ಗುಂಪಿಗಲ್ಲ. "ನೀನು ಯಾವಾಗಲೂ ಹೀಗೇ" ಬೇಡ. "ನಿನ್ನೆ ನೀನು ಹಾಗಂದಾಗ ನನಗೆ ನೋವಾಯಿತು" ಸಾಕು. ತಪ್ಪು ನಿಮ್ಮದಾದರೆ ಕ್ಷಮೆ ಕೇಳಿ. ಅದರಲ್ಲಿ "ಆದರೆ" ಬರಬಾರದು.

ಕ್ಷಮಿಸುವುದೆಂದರೆ ಹೊಡೆತ ತಿನ್ನುತ್ತ ಕೂರುವುದಲ್ಲ. ಕೈ ಎತ್ತುವವರಿಂದ ಮೊದಲು ದೂರವಾಗಿ, ನಂಬಿಕಸ್ಥರಿಗೆ ತಿಳಿಸಿ. ನಿಮ್ಮ ಕೈಯೇ ಏಳುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಆಪ್ತಸಮಾಲೋಚಕರನ್ನೂ ಕಾಣಲೇಬೇಕು.

ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎಂಬ ಮಾತನ್ನು (ಎಫೆಸ 4:26) ಹಿಡಿದು ದಂಪತಿಗಳು ನಡುರಾತ್ರಿಯವರೆಗೆ ವಾದಿಸುವುದುಂಟು. ದಣಿದ ಬಾಯಿಂದ ಬರುವುದು ಕೆಟ್ಟ ಮಾತೇ. ಆ ವಚನ ಸಿಟ್ಟನ್ನು ಸಾಕಬೇಡಿ ಎನ್ನುತ್ತದೆ, ಜಗಳದ ತೀರ್ಪು ರಾತ್ರಿಯೇ ಆಗಲಿ ಎನ್ನುವುದಿಲ್ಲ. "ನಾಳೆ ಬೆಳಗ್ಗೆ ಎಂಟಕ್ಕೆ ಕೂತು ಮಾತಾಡೋಣ" ಎನ್ನಿ, ಸೇಡನ್ನು ದೇವರ ಕೈಗೆ ಬಿಟ್ಟು ಮಲಗಿ. ಬೆಳಗ್ಗೆ ಮಾತು ತೆಗೆಯಬೇಕಾದವರು ನೀವೇ. ಒಮ್ಮೆ ತಪ್ಪಿಸಿದರೆ ಮುಂದಿನ ಸಲ ನಿಮ್ಮ "ನಾಳೆ"ಯನ್ನು ಯಾರೂ ನಂಬುವುದಿಲ್ಲ.